‘ಲ್ಯಾಂಡ್’ ಯಾರದು? ಇಂಗ್ಲಿಷಿನ ನೆಲ-ನಿಸರ್ಗದ ಪದಗಳು ಇಟಾಲಿಯನ್ ಅನುವಾದದಲ್ಲಿ

ಸಾರಾಂಶ

ಇಂಗ್ಲಿಷಿನಲ್ಲಿ ನೆಲವನ್ನೂ ನಿಸರ್ಗವನ್ನೂ ಹೆಸರಿಸುವ ಪದಗಳು ಇಟಾಲಿಯನ್ನಿಗೆ ಬರುವಾಗ ತೋರುವ ಅರ್ಥಪಲ್ಲಟವನ್ನು ‘ಸಮಾನಪದದ ಕೊರತೆ’ ಎಂದು ವಿವರಿಸುವ ರೂಢಿಯಿದೆ. ಈ ಲೇಖನ ಆ ರೂಢಿಯನ್ನು ಪ್ರಶ್ನಿಸುತ್ತದೆ. ಇಟಾಲಿಯನ್ನಿನಲ್ಲಿ ಪದಗಳಿಗೆ ಕೊರತೆಯಿಲ್ಲ. ನೆಲಕ್ಕೂ ಮನುಷ್ಯರಿಗೂ ಇರುವ ಸಂಬಂಧವನ್ನು ಇಂಗ್ಲಿಷ್ ಪದ ಹೇಳದೆ ಬಿಟ್ಟರೆ, ಅದನ್ನು ಬಾಯಿಬಿಟ್ಟು ಹೇಳುವಂತೆ ಇಟಾಲಿಯನ್ ಅನುವಾದಕನನ್ನು ಒತ್ತಾಯಿಸುತ್ತದೆ. ಸಾಹಿತ್ಯಕೃತಿಗಳ ಶೀರ್ಷಿಕೆಗಳು, ಒಂದು ಅಂತಾರಾಷ್ಟ್ರೀಯ ಒಪ್ಪಂದ ಹಾಗೂ ‘ಕಾಮನ್ಸ್’ ಎಂಬ ಪರಿಭಾಷೆಯ ಮೂಲಕ ನಾವು ಈ ವಾದವನ್ನು ಪರಿಶೀಲಿಸುತ್ತೇವೆ.

ಪ್ರಮುಖ ಪದಗಳು: ಅರ್ಥಕ್ಷೇತ್ರ, ಅನುವಾದಮೀಮಾಂಸೆ, ಇಟಾಲಿಯನ್, ಭೂದೃಶ್ಯ, ಸಾಮುದಾಯಿಕ ಭೂಮಿ

1. ಪ್ರಶ್ನೆಯ ಸ್ವರೂಪ

ಒಂದೇ ಅರ್ಥಕ್ಷೇತ್ರವನ್ನು ಬೇರೆ ಬೇರೆ ಭಾಷೆಗಳು ಬೇರೆ ಬೇರೆ ಗಡಿಗಳಿಂದ ಹಂಚಿಕೊಳ್ಳುತ್ತವೆ ಎಂಬುದನ್ನು ತೋರಿಸಲು ಲೂಯಿ ಯೆಲ್ಮ್‌ಸ್ಲೆವ್ 1943ರಲ್ಲಿ ಆರಿಸಿಕೊಂಡದ್ದು ಮರ, ಕಟ್ಟಿಗೆ, ಕಾಡುಗಳ ಹೆಸರುಗಳನ್ನು. ಡೇನಿಷ್, ಜರ್ಮನ್, ಫ್ರೆಂಚ್ ಪದಗಳನ್ನು ಅಕ್ಕಪಕ್ಕದಲ್ಲಿಟ್ಟು ಅವನು ರಚಿಸಿದ ಕೋಷ್ಟಕ ಇಂದಿಗೂ ಅರ್ಥವಿಜ್ಞಾನದ ತರಗತಿಗಳಲ್ಲಿ ಬಳಕೆಯಲ್ಲಿದೆ. ಆ ಕೋಷ್ಟಕದಿಂದ ಅನುವಾದ ವಿಮರ್ಶೆ ಪಡೆದುಕೊಂಡ ಪಾಠ ಮಾತ್ರ ತುಸು ಸಂಕುಚಿತವಾದುದು: ಗಡಿಗಳು ಹೊಂದದ ಕಡೆ ನಷ್ಟವಿದೆ, ಆ ನಷ್ಟವನ್ನು ಅಳೆಯುವುದೇ ವಿಮರ್ಶಕನ ಕೆಲಸ, ಎಂಬುದು ಆ ಪಾಠ. ಹೀಗೆ ಅಳೆಯಹೊರಟವರ ಕೈಗೆ ಕೊನೆಯಲ್ಲಿ ಸಿಗುವುದು ‘ಅನುವಾದಕ್ಕೆ ಒಗ್ಗದ ಪದ’ಗಳ ಒಂದು ಪಟ್ಟಿ. ಪಟ್ಟಿ ಎಷ್ಟೇ ಉದ್ದವಾದರೂ ಅನುವಾದಕರು ನಿಜವಾಗಿ ಮಾಡಿದ ಆಯ್ಕೆಗಳನ್ನು ಅದು ವಿವರಿಸಲಾರದು.

ರೋಮನ್ ಯಾಕಬ್ಸನ್ 1959ರ ತನ್ನ ಪ್ರಬಂಧದಲ್ಲಿ ಮುಂದಿಟ್ಟ ಇನ್ನೊಂದು ದಾರಿ ಇಲ್ಲಿ ಹೆಚ್ಚು ಉಪಯುಕ್ತ. ಒಂದು ಭಾಷೆಯ ಮೂಲಕ ಏನನ್ನು ಹೇಳಲು ಸಾಧ್ಯ ಎಂಬುದಕ್ಕಿಂತ, ಏನನ್ನು ಹೇಳದೆ ವಿಧಿಯಿಲ್ಲ ಎಂಬುದರಲ್ಲಿ ಭಾಷೆಗಳ ನಡುವಿನ ಮುಖ್ಯ ವ್ಯತ್ಯಾಸವಿದೆ ಎಂಬುದು ಅವನ ವಾದದ ತಿರುಳು. ಯಾಕಬ್ಸನ್ ಇದನ್ನು ಪ್ರಧಾನವಾಗಿ ಲಿಂಗ, ವಚನ, ಕ್ರಿಯಾಸ್ಥಿತಿಗಳಂಥ ವ್ಯಾಕರಣ ವರ್ಗಗಳನ್ನು ಕುರಿತು ಹೇಳಿದ. ನೆಲ ಮತ್ತು ನಿಸರ್ಗದ ಅರ್ಥಕ್ಷೇತ್ರದಲ್ಲಿ ಇದೇ ಬಗೆಯ ಒತ್ತಾಯ ಶಬ್ದಕೋಶದ ಮಟ್ಟದಲ್ಲಿಯೂ ಕೆಲಸ ಮಾಡುತ್ತದೆ ಎಂಬುದು ನಮ್ಮ ಪ್ರತಿಪಾದನೆ. ಇಂಗ್ಲಿಷಿನ ‘ಲ್ಯಾಂಡ್’, ‘ವೈಲ್ಡ್’, ‘ಕಾಮನ್’ ಮೊದಲಾದ ಪದಗಳು ನೆಲಕ್ಕೂ ಜನಕ್ಕೂ ಇರುವ ಸಂಬಂಧವನ್ನು ತೆರೆದೇ ಬಿಡುತ್ತವೆ. ಇಟಾಲಿಯನ್ ಪದಗಳು ಆ ಸಂಬಂಧವನ್ನು ಗೊತ್ತುಪಡಿಸುತ್ತವೆ: ಇದು ಉಳುವ ನೆಲವೋ, ಅಳೆಯುವ ನೆಲವೋ, ಆಳುವ ನೆಲವೋ, ವಾಸಿಸುವ ನೆಲವೋ? ಆದುದರಿಂದ ಅನುವಾದದಲ್ಲಿ ಏನು ಕಳೆದುಹೋಯಿತು ಎಂದು ಕೇಳುವುದಕ್ಕೆ ಮೊದಲು, ಅನುವಾದಕ ಯಾವ ಸಂಬಂಧವನ್ನು ಘೋಷಿಸಿದ, ಆ ಘೋಷಣೆಯಿಂದ ಯಾರು ಹೊರಗುಳಿದರು ಎಂದು ಕೇಳಬೇಕಾಗುತ್ತದೆ.

2. ‘ಲ್ಯಾಂಡ್’ ಒಡೆಯುವ ಬಗೆ

‘ಲ್ಯಾಂಡ್’ ಪದದ ಕೆಲವು ಸಾಮಾನ್ಯ ಸಹಪ್ರಯೋಗಗಳನ್ನು ನೋಡೋಣ. ಬೈಬಲ್ಲಿನ ವಾಗ್ದತ್ತ ಭೂಮಿಯಾದ ‘ಪ್ರಾಮಿಸ್ಡ್ ಲ್ಯಾಂಡ್’ ಇಟಾಲಿಯನ್ನಿನಲ್ಲಿ ‘ತೆರ್ರಾ ಪ್ರೊಮೆಸ್ಸಾ’. ಯಾರಿಗೂ ಸೇರದ ‘ನೋ ಮ್ಯಾನ್ಸ್ ಲ್ಯಾಂಡ್’ ಪದಶಃ ‘ತೆರ್ರಾ ದಿ ನೆಸ್ಸೂನೊ’. ಇಷ್ಟರವರೆಗೆ ‘ತೆರ್ರಾ’ ಸಾಕು. ಆದರೆ ಕೊಳ್ಳುವ, ಮಾರುವ, ಬೇಲಿ ಹಾಕುವ ನಿವೇಶನ ‘ತೆರ್ರೇನೊ’ ಆಗುತ್ತದೆ. ಯೋಜನಾಶಾಸ್ತ್ರದ ‘ಲ್ಯಾಂಡ್ ಯೂಸ್’ ಎಂಬುದು ‘ಊಸೊ ದೆಲ್ ಸುವೋಲೊ’, ಅಂದರೆ ಮೇಲ್ಮಣ್ಣಿನ ಬಳಕೆ. ನಗರಗಳು ಹೊಲವನ್ನು ನುಂಗುವ ಪ್ರಕ್ರಿಯೆಯಾದ ‘ಲ್ಯಾಂಡ್ ಟೇಕ್’ ಅಲ್ಲಿ ‘ಕೊನ್ಸೂಮೊ ದಿ ಸುವೋಲೊ’, ಮಣ್ಣಿನ ಸೇವನೆ. ‘ಲ್ಯಾಂಡ್ ರಿಫಾರ್ಮ್’ ಆದರೋ ನೆಲದ ಹೆಸರನ್ನೇ ಬಿಟ್ಟು ಕೃಷಿಯ ಹೆಸರನ್ನು ಹಿಡಿಯುತ್ತದೆ: ‘ರಿಫೋರ್ಮಾ ಆಗ್ರಾರಿಯಾ’. ಆಡಳಿತದ ಸಂದರ್ಭದಲ್ಲಿ ‘ತೆರ್ರಿತೋರಿಯೊ’ ಬರುತ್ತದೆ. ಜನವಸತಿಯ ಸಂದರ್ಭದಲ್ಲಿ ‘ಪಾಯೇಸೆ’ ಬರುತ್ತದೆ.

ಕನ್ನಡ ಓದುಗರಿಗೆ ಇದು ಅಪರಿಚಿತ ಸ್ಥಿತಿಯಲ್ಲ. ನೆಲ, ಮಣ್ಣು, ಜಮೀನು, ನಾಡು ಎಂಬ ಪದಗಳ ನಡುವೆ ನಾವೂ ಇಂಥ ಗೆರೆಗಳನ್ನು ಎಳೆಯುತ್ತೇವೆ. ‘ಜಮೀನು’ ಎಂದೊಡನೆ ಪಹಣಿ ನೆನಪಾಗುತ್ತದೆ, ‘ನಾಡು’ ಎಂದೊಡನೆ ಜನ ನೆನಪಾಗುತ್ತಾರೆ. ಇಟಾಲಿಯನ್ನಿನ ವಿಶೇಷವಿರುವುದು ‘ಪಾಯೇಸೆ’ ಪದದ ವ್ಯಾಪ್ತಿಯಲ್ಲಿ. ಗ್ರಾಮಸೀಮೆಯೆಂಬ ಅರ್ಥದ ಲ್ಯಾಟಿನ್ನಿನ ‘ಪಾಗುಸ್’ ಪದದಿಂದ ಹುಟ್ಟಿದ ಇದು ಇಡೀ ದೇಶಕ್ಕೂ ಒಂದು ಸಣ್ಣ ಊರಿಗೂ ಸಲ್ಲುತ್ತದೆ. ಅಳತೆ ಎಷ್ಟಾದರೂ ಇರಲಿ, ಜನ ನೆಲೆಸಿರಬೇಕು. ಅದು ಮಾತ್ರ ಬಿಟ್ಟುಕೊಡದ ಷರತ್ತು.

ಈ ಷರತ್ತಿನ ಬಲ ಅನುವಾದದ ಎರಡೂ ದಿಕ್ಕುಗಳಲ್ಲಿ ಕಾಣುತ್ತದೆ. ಲೂಯಿಸ್ ಕ್ಯಾರಲ್‌ನ ‘ವಂಡರ್‌ಲ್ಯಾಂಡ್’ 1872ರ ಮೊದಲ ಇಟಾಲಿಯನ್ ಅನುವಾದದಲ್ಲಿಯೇ ‘ಪಾಯೇಸೆ ದೆಲ್ಲೆ ಮೆರವೀಲ್ಯೆ’, ಸೋಜಿಗಗಳ ನಾಡು, ಆಯಿತು. ಆಲಿಸ್ ಅಲ್ಲಿ ಕಾಣುವುದು ರಾಣಿ, ನ್ಯಾಯಾಲಯ, ಚಹಾಕೂಟಗಳ ಒಂದು ಸಮಾಜವನ್ನು. ಆ ಸಮಾಜವನ್ನು ಇಟಾಲಿಯನ್ ಶೀರ್ಷಿಕೆ ಬಾಗಿಲಲ್ಲೇ ಹೇಳಿಬಿಡುತ್ತದೆ. ತಿರುಗಿ, ಕೊಲ್ಲೋದಿಯ ‘ಪಿನೋಕ್ಕಿಯೊ’ (1883) ಕಥೆಯ ‘ಪಾಯೇಸೆ ದೇಯಿ ಬಲೋಕ್ಕಿ’ ಇಂಗ್ಲಿಷಿಗೆ ಹೋಗುವಾಗ ಆಟಿಕೆಗಳ ‘ಲ್ಯಾಂಡ್’ ಆಗುತ್ತದೆ. ಕಥೆಯಲ್ಲಿ ಅದೊಂದು ಊರು. ಹುಡುಗರೇ ತುಂಬಿರುವ, ಹುಡುಗರ ಹೊರತು ಬೇರೆ ನಿವಾಸಿಗಳಿಲ್ಲದ ಊರು. ಇಂಗ್ಲಿಷ್ ಹೆಸರಿನಲ್ಲಿ ಆ ನಿವಾಸಿಗಳು ಹೆಸರಿನಿಂದ ಕಥೆಯ ಒಳಕ್ಕೆ ಸರಿಯುತ್ತಾರೆ. ಇಂಗ್ಲಿಷಿನಿಂದ ಇಟಾಲಿಯನ್ನಿಗೆ ಬರುವಾಗ ಸಂಬಂಧದ ಮಾಹಿತಿ ಸೇರುತ್ತದೆ, ಹಿಂದಿರುಗುವಾಗ ಕರಗುತ್ತದೆ. ಇದನ್ನು ನಷ್ಟದ ಲೆಕ್ಕದಲ್ಲಿ ಮಾತ್ರ ನೋಡುವ ವಿಮರ್ಶೆಗೆ ಮೊದಲನೆಯ ಪಲ್ಲಟ ಕಾಣುವುದೇ ಇಲ್ಲ.

3. ‘ವೈಲ್ಡ್’: ಮೃಗ, ಕಾಡು, ಪಾಳು

ಜ್ಯಾಕ್ ಲಂಡನ್‌ನ 1903ರ ಕಾದಂಬರಿ ‘ದ ಕಾಲ್ ಆಫ್ ದ ವೈಲ್ಡ್’ ಇಟಲಿಯಲ್ಲಿ ‘ಇಲ್ ರಿಕ್ಯಾಮೊ ದೆಲ್ಲಾ ಫೊರೇಸ್ತಾ’, ಅಡವಿಯ ಕರೆ, ಎಂದೇ ನೆಲೆಗೊಂಡಿದೆ. ಜಾನ್ ಕ್ರಾಕವರ್‌ನ ‘ಇನ್‌ಟು ದ ವೈಲ್ಡ್’ (1996) ಪುಸ್ತಕವಾಗಿ ‘ನೆಲ್ಲೆ ತೆರ್ರೆ ಎಸ್ತ್ರೇಮೆ’, ತುತ್ತತುದಿಯ ನೆಲಗಳಲ್ಲಿ, ಆಯಿತು. ಅದರ 2007ರ ಚಲನಚಿತ್ರ ಇಂಗ್ಲಿಷ್ ಹೆಸರನ್ನು ಉಳಿಸಿಕೊಂಡು ‘ನೆಲ್ಲೆ ತೆರ್ರೆ ಸೆಲ್ವಾಜ್ಜೆ’ ಎಂಬ ಉಪಶೀರ್ಷಿಕೆಯನ್ನು ಪಡೆಯಿತು. ಒಂದೇ ಇಂಗ್ಲಿಷ್ ನಾಮಪದಕ್ಕೆ ಮೂರು ಉತ್ತರಗಳು. ಶೀರ್ಷಿಕೆಗಳನ್ನು ಬಹುಮಟ್ಟಿಗೆ ಪ್ರಕಾಶಕರೂ ವಿತರಕರೂ ನಿರ್ಧರಿಸುತ್ತಾರಾದ್ದರಿಂದ ನಾವು ಇವನ್ನು ಯಾವೊಬ್ಬ ಅನುವಾದಕನ ಜಾಣ್ಮೆಗೆ ಸಾಕ್ಷಿಯೆಂದು ಹಿಡಿಯುತ್ತಿಲ್ಲ. ಗುರಿಭಾಷೆಯ ಓದುಗರಿಗೆ ಯಾವುದು ಸಹಜವೆನಿಸೀತು ಎಂಬ ಸಾಮೂಹಿಕ ಅಂದಾಜಿಗೆ ಇವು ಸಾಕ್ಷಿ.

‘ಫೊರೇಸ್ತಾ’ ಎಂಬ ಆಯ್ಕೆಯನ್ನು ಮನಸೋ ಇಚ್ಛೆಯ ಬದಲಾವಣೆ ಎಂದು ತಳ್ಳಿಹಾಕುವುದು ಸುಲಭ. ಲಂಡನ್‌ನ ‘ವೈಲ್ಡ್’ ಒಂದು ಸ್ಥಳವೂ ಹೌದು, ಒಂದು ಸ್ಥಿತಿಯೂ ಹೌದು. ಅದರೊಳಗೆ ಹಿಮವಿದೆ, ನದಿಯಿದೆ, ತೋಳಗಳ ಹಿಂಡಿದೆ, ನಾಯಿಯ ರಕ್ತದಲ್ಲಿ ಉಳಿದ ಪೂರ್ವಸ್ಮೃತಿಯಿದೆ. ‘ಫೊರೇಸ್ತಾ’ ಸ್ಥಿತಿಯನ್ನು ಬಿಟ್ಟು ಸ್ಥಳವನ್ನು ಹಿಡಿಯುತ್ತದೆ. ಆದರೆ ಇಟಾಲಿಯನ್ನಿನಲ್ಲಿ ‘ಕಾಡು, ಪಳಗದ’ ಎಂಬರ್ಥದ ವಿಶೇಷಣವೇ ‘ಸೆಲ್ವಾಜ್ಜೊ’. ಅದು ‘ಅಡವಿಗೆ ಸೇರಿದ’ ಎಂಬರ್ಥದ ಲ್ಯಾಟಿನ್ನಿನ ‘ಸಿಲ್ವಾತಿಕುಸ್’ ಪದದಿಂದ ಬಂದುದು. ಅಂದರೆ ಪಳಗದಿರುವಿಕೆಯನ್ನು ಕಾಡಿನ ಮೂಲಕ ಕಲ್ಪಿಸುವುದು ಆ ಭಾಷೆಯ ಹಳೆಯ ಜಾಡು. ಶೀರ್ಷಿಕೆ ಆ ಜಾಡಿನಲ್ಲಿಯೇ ನಡೆದಿದೆ. ‘ಅಡವಿಯ ಕರೆ’ ಮುಂದೆ ಇಟಾಲಿಯನ್ ಬರವಣಿಗೆಯಲ್ಲಿ ಒಳಗಿನ ಸಹಜಪ್ರವೃತ್ತಿಯ ಸೆಳೆತವನ್ನು ಸೂಚಿಸುವ ನುಡಿಗಟ್ಟಾಗಿ ಬೆಳೆದದ್ದರಿಂದ, ಬಿಟ್ಟುಹೋಗಿದ್ದ ಸ್ಥಿತಿವಾಚಕ ಅರ್ಥವೂ ತಡವಾಗಿ ಮರಳಿತು ಎನ್ನಬಹುದು. ನಮ್ಮ ತೀರ್ಮಾನದಲ್ಲಿ ಮೂರು ಉತ್ತರಗಳಲ್ಲಿ ಇದೇ ಹೆಚ್ಚು ಸಮರ್ಥ. ‘ತುತ್ತತುದಿಯ ನೆಲ’ ಎಂಬುದು ನಗರದಲ್ಲಿ ನಿಂತು ದೂರವನ್ನು ಅಳೆಯುವವನ ಮಾತು. ಕ್ರಾಕವರ್‌ನ ಕಥಾನಾಯಕ ಯಾವ ಕೇಂದ್ರವನ್ನು ಬಿಟ್ಟುಹೋದನೋ ಆ ಕೇಂದ್ರದ ದೃಷ್ಟಿಯನ್ನೇ ಅದು ಅವನ ಮೇಲೆ ಹೇರುತ್ತದೆ.

‘ವೈಲ್ಡರ್‌ನೆಸ್’ ಪದದ ಸಂಗತಿ ಇನ್ನೂ ಗಂಭೀರ. ಇಂಗ್ಲಿಷ್ ಪದದ ಮೂಲದಲ್ಲಿರುವುದು ಕಾಡುಮೃಗ ಎಂದು ನಿಘಂಟುಗಳು ಗುರುತಿಸುತ್ತವೆ. ಮೃಗಗಳಿರುವ ತಾಣ ಅದು. ಆದರೆ ಇಂಗ್ಲಿಷ್ ಬೈಬಲ್ ‘ವೈಲ್ಡರ್‌ನೆಸ್’ ಎನ್ನುವ ಕಡೆಗಳಲ್ಲಿ ಇಟಾಲಿಯನ್ ಬೈಬಲ್ ‘ದೆಸೆರ್ತೊ’ ಎನ್ನುತ್ತದೆ. ಆ ಪದದ ಮೂಲಾರ್ಥ ‘ತೊರೆದುಬಿಟ್ಟದ್ದು’. ಒಂದು ಪದ ಮೃಗದ ಇರವಿನಿಂದ ಸ್ಥಳವನ್ನು ಗುರುತಿಸಿದರೆ, ಇನ್ನೊಂದು ಮನುಷ್ಯನ ಇಲ್ಲದಿರುವಿಕೆಯಿಂದ ಗುರುತಿಸುತ್ತದೆ. ಆಧುನಿಕ ಇಟಾಲಿಯನ್ನಿನಲ್ಲಿ ‘ದೆಸೆರ್ತೊ’ ಮರಳುಗಾಡಿಗೆ ಮೀಸಲಾದ್ದರಿಂದ, ಅಮೆರಿಕದ 1964ರ ವೈಲ್ಡರ್‌ನೆಸ್ ಕಾಯಿದೆಯ ನಂತರದ ಸಂರಕ್ಷಣಾ ಪರಿಭಾಷೆಗೆ ಅದು ಒದಗಲಿಲ್ಲ. ಇಂಗ್ಲಿಷ್ ಪದವನ್ನೇ ಎರವಲು ಪಡೆಯಲಾಯಿತು.

ಅನ್ಯತೆಯನ್ನು ಉಳಿಸಿಕೊಳ್ಳುವ ಅನುವಾದವನ್ನು ಲಾರೆನ್ಸ್ ವೆನುಟಿ 1995ರಲ್ಲಿ ನೈತಿಕ ನೆಲೆಯಿಂದ ಸಮರ್ಥಿಸಿದ. ಆ ಮಾನದಂಡದ ಪ್ರಕಾರ ಎರವಲು ಪದ ಮೆಚ್ಚತಕ್ಕ ಆಯ್ಕೆಯೆನಿಸಬೇಕು. ಆದರೆ ವಾಯವ್ಯ ಇಟಲಿಯ ಪಿಯೆಮೋಂತೆ ಪ್ರಾಂತದ ವಾಲ್ ಗ್ರಾಂದೆ ಕಣಿವೆಯನ್ನು ನೋಡಿ. 1992ರಲ್ಲಿ ರಾಷ್ಟ್ರೀಯ ಉದ್ಯಾನವಾದ ಈ ಕಣಿವೆಯನ್ನು ಇಟಲಿಯ ಅತಿ ದೊಡ್ಡ ‘ವೈಲ್ಡರ್‌ನೆಸ್’ ಪ್ರದೇಶವೆಂದು ಪರಿಚಯಿಸುವುದು ವಾಡಿಕೆ. ಅದು ಮನುಷ್ಯ ಕಾಲಿಡದ ಕಾಡಲ್ಲ. ಶತಮಾನಗಳ ಕಾಲ ದನಗಾಹಿಗಳು ಬೇಸಿಗೆಯ ಮೇವಿಗೆ ಏರಿ ಹೋಗುತ್ತಿದ್ದ, ಮರ ಕಡಿದು ಸಾಗಿಸುತ್ತಿದ್ದ ಕಣಿವೆ ಅದು. ಇಪ್ಪತ್ತನೆಯ ಶತಮಾನದಲ್ಲಿ ಜನ ಬಿಟ್ಟುಹೋದರು, ಕಾಡು ಮರಳಿ ಬೆಳೆಯಿತು. ಬೇಸಿಗೆ ಹಟ್ಟಿಗಳ ಕಲ್ಲುಗೋಡೆಗಳು ಇನ್ನೂ ಅಲ್ಲಿವೆ. ಎರವಲು ಪದ ಈ ಇತಿಹಾಸವನ್ನು ಮರೆಸುತ್ತದೆ. ‘ತೊರೆದುಬಿಟ್ಟದ್ದು’ ಎಂಬ ಹಳೆಯ ‘ದೆಸೆರ್ತೊ’ ಅದನ್ನು ಹೇಳಬಲ್ಲದಾಗಿತ್ತು. ಅನ್ಯತೆಯನ್ನು ಕಾಯ್ದ ಪದವೇ ಸ್ಥಳೀಯರ ದುಡಿಮೆಯನ್ನು ಅಳಿಸಿತು. ಪದ ಅನ್ಯವೋ ದೇಶೀಯವೋ ಎಂಬ ಜೋಡಿಯಿಂದ ಇದನ್ನು ವಿವರಿಸಲಾಗದು. ಪದ ಯಾವ ಸಂಬಂಧವನ್ನು ಹೇಳುತ್ತದೆ ಎಂಬ ಪ್ರಶ್ನೆಯಿಂದ ವಿವರಿಸಬಹುದು.

4. ‘ಮೂರ್’ ಮತ್ತು ‘ಫಾರೆಸ್ಟ್’: ಸಸ್ಯವೋ ಕಾನೂನೋ

ಎಮಿಲಿ ಬ್ರಾಂಟೆಯ ‘ವುದರಿಂಗ್ ಹೈಟ್ಸ್’ (1847) ಇಟಾಲಿಯನ್ ಓದುಗರಿಗೆ ‘ಚೀಮೆ ತೆಂಪೆಸ್ತೋಸೆ’, ಬಿರುಗಾಳಿಯ ಶಿಖರಗಳು. ಮೂಲದಲ್ಲಿ ಅದು ಒಂದು ಮನೆಯ ಹೆಸರು. ‘ಹೈಟ್ಸ್’ ಎಂದರೆ ಯಾರ್ಕ್‌ಷೈರಿನ ಎತ್ತರದ ದಿಣ್ಣೆ. ‘ಚೀಮಾ’ ಎಂದರೆ ಆಲ್ಪ್ಸ್ ಪರ್ವತವನ್ನು ಕಣ್ಣೆದುರಿಗಿಟ್ಟುಕೊಂಡ ಭಾಷೆಯ ಶಿಖರ. ಮನೆ ಬೆಟ್ಟವಾಯಿತು, ದಿಣ್ಣೆ ಶಿಖರವಾಯಿತು. ಶೀರ್ಷಿಕೆಗಿಂತ ಪಠ್ಯದೊಳಗಿನ ‘ಮೂರ್’ ಅನುವಾದಕನಿಗೆ ಹೆಚ್ಚಿನ ಕಷ್ಟ ಕೊಡುತ್ತದೆ. ಅದಕ್ಕೆ ರೂಢಿಯ ಇಟಾಲಿಯನ್ ಪದ ‘ಬ್ರುಗ್ಯೇರಾ’. ಇದು ‘ಬ್ರೂಗೊ’ ಎಂಬ ಕುರುಚಲು ಗಿಡದ ಹೆಸರಿನಿಂದ ಬಂದುದು. ಆ ಗಿಡ ಇಂಗ್ಲಿಷರ ‘ಹೆದರ್’ ಗಿಡವೇ. ಹೀಗಾಗಿ ಸಸ್ಯಶಾಸ್ತ್ರದ ದೃಷ್ಟಿಯಿಂದ ಸಮೀಕರಣ ಸರಿಯಾಗಿದೆ. ಆದರೆ ಇಟಲಿಯ ‘ಬ್ರುಗ್ಯೇರಾ’ ಲೊಂಬಾರ್ದಿಯಾ, ಪಿಯೆಮೋಂತೆಗಳ ಮಟ್ಟಸವಾದ, ಒಣ, ಬಡಮಣ್ಣಿನ ಬಯಲು. ಮಿಲಾನಿನ ಮಾಲ್ಪೆನ್ಸಾ ವಿಮಾನನಿಲ್ದಾಣ ತಲೆಯೆತ್ತಿರುವುದು ಅಂಥ ನೆಲದಲ್ಲಿ. ಇಂಗ್ಲೆಂಡಿನ ‘ಮೂರ್’ ತೇವದ, ಪೀಟ್ ತುಂಬಿದ, ಕುರಿ ಮೇಯುವ ಎತ್ತರದ ಪ್ರದೇಶ; ಕಾಲಿಟ್ಟರೆ ಹೂಳುವ ನೆಲ. ಗಿಡ ಒಂದೇ ಆದರೂ ನಡೆಯುವವನ ಕಾಲಿಗೆ ನೆಲ ಬೇರೆ. ಅನುವಾದಕ ಕೆಲವೆಡೆ ‘ತೊರ್ಬಿಯೇರಾ’, ಅಂದರೆ ಪೀಟ್ ಜೌಗು, ಎಂದು ಬಳಸಿ ತೇವವನ್ನು ಮರಳಿ ತರಬಹುದು. ಒಂದೇ ಪದವನ್ನು ಕೊನೆಯವರೆಗೂ ನೆಚ್ಚಿಕೊಂಡರೆ ಆ ನೆಲದಲ್ಲಿ ದಾರಿ ತಪ್ಪುವ ಭಯ ಓದುಗನಿಗೆ ತಟ್ಟದು.

‘ಫಾರೆಸ್ಟ್’ ಪದದಲ್ಲಿ ಸಮಸ್ಯೆ ತಿರುವುಮುರುವಾಗುತ್ತದೆ. ಇಂಗ್ಲೆಂಡಿನ ಹಳೆಯ ಬಳಕೆಯಲ್ಲಿ ‘ಫಾರೆಸ್ಟ್’ ಎಂದರೆ ಮರಗಳ ದಟ್ಟಣೆಯಲ್ಲ, ರಾಜನ ಬೇಟೆಗೆ ಮೀಸಲಾದ, ಪ್ರತ್ಯೇಕ ಕಾನೂನಿಗೆ ಒಳಪಟ್ಟ ಪ್ರದೇಶ. ಮೊದಲನೆಯ ವಿಲಿಯಂ ಹನ್ನೊಂದನೆಯ ಶತಮಾನದಲ್ಲಿ ಮೀಸಲಿಟ್ಟ ‘ನ್ಯೂ ಫಾರೆಸ್ಟ್’ನ ದೊಡ್ಡ ಭಾಗ ಕುರುಚಲು ಬಯಲು. ಮರಗಳೇ ವಿರಳವಾದ ಡಾರ್ಟ್‌ಮೂರಿನ ನಡುಭಾಗಕ್ಕೂ ‘ಫಾರೆಸ್ಟ್’ ಎಂಬ ಹೆಸರಿದೆ. ಇಟಾಲಿಯನ್ನಿನ ‘ಫೊರೇಸ್ತಾ’ ಇದೇ ಮೂಲದ್ದಾದರೂ ಇಂದು ಅದರ ತಿರುಳು ವಿಸ್ತಾರವಾದ ವೃಕ್ಷಸಮೂಹ; ಮನುಷ್ಯನ ಒಡನಾಟವಿರುವ ಚಿಕ್ಕ ಕಾಡು ‘ಬೋಸ್ಕೊ’. ಥೋರೋನ ‘ವಾಲ್ಡನ್’ (1854) ಕೃತಿಯ ‘ವುಡ್ಸ್’ ಅಲ್ಲಿ ‘ಬೋಸ್ಕಿ’ ಆದದ್ದು ತಕ್ಕ ಆಯ್ಕೆ, ಏಕೆಂದರೆ ಥೋರೋ ನೆಲೆಸಿದ್ದು ಊರಿನಿಂದ ನಡೆದುಹೋಗುವಷ್ಟು ಸಮೀಪದ ಕಾಡಿನಲ್ಲಿ. ಆದರೆ ‘ಡಾರ್ಟ್‌ಮೂರ್ ಫಾರೆಸ್ಟ್’ ಎಂಬುದನ್ನು ‘ಫೊರೇಸ್ತಾ’ ಎಂದರೆ ಇಟಾಲಿಯನ್ ಓದುಗ ಇಲ್ಲದ ಮರಗಳನ್ನು ಕಾಣುತ್ತಾನೆ, ಇದ್ದ ರಾಜನನ್ನು ಕಾಣುವುದಿಲ್ಲ. ಸಜಾತಿ ಪದ ಇಲ್ಲಿ ಸಂಬಂಧವನ್ನು ಹೇಳುವ ಬದಲು ಮುಚ್ಚುತ್ತದೆ.

5. ‘ವೇಸ್ಟ್ ಲ್ಯಾಂಡ್’: ಎರಡು ಕೃದಂತಗಳು

ಟಿ. ಎಸ್. ಎಲಿಯಟ್‌ನ 1922ರ ಕವಿತೆ ಮಾರಿಯೊ ಪ್ರಾಸ್‌ನ 1932ರ ಅನುವಾದದಿಂದ ಮೊದಲ್ಗೊಂಡು ‘ಲಾ ತೆರ್ರಾ ದೆಸೊಲಾತಾ’ ಎಂದೇ ಇಟಲಿಯಲ್ಲಿ ಪ್ರಸಿದ್ಧ. ಕಾರ್ಮೆನ್ ಗಾಲ್ಲೊ 2021ರ ತಮ್ಮ ಅನುವಾದಕ್ಕೆ ‘ಲಾ ತೆರ್ರಾ ದೆವಸ್ತಾತಾ’ ಎಂಬ ಬೇರೆ ಹೆಸರನ್ನಿತ್ತರು. ಇಂಗ್ಲಿಷಿನ ‘ವೇಸ್ಟ್’ ಇಲ್ಲಿ ಬರಿಯ ವಿಶೇಷಣ. ಕಾನೂನಿನ ಹಳೆಯ ಬಳಕೆಯಲ್ಲಿ ಅದು ಉಳುಮೆಗೆ ಒಳಪಡದ ನೆಲವನ್ನು ಸೂಚಿಸುತ್ತಿತ್ತು. ಆ ನೆಲ ಹಾಗೇಕಿದೆ, ಯಾರಿಂದ ಹಾಗಾಯಿತು ಎಂದು ಪದ ಹೇಳುವುದಿಲ್ಲ. ಇಟಾಲಿಯನ್ನಿನ ಎರಡು ಉತ್ತರಗಳೂ ರೂಪದಲ್ಲಿ ಭೂತಕೃದಂತಗಳೇ. ಆದರೆ ‘ದೆಸೊಲಾತಾ’ ಬಹುಕಾಲದ ಬಳಕೆಯಿಂದ ವಿಶೇಷಣವಾಗಿ ಸ್ಥಿರಗೊಂಡು, ಒಂಟಿಯಾದ, ಖಿನ್ನವಾದ ಎಂಬ ಭಾವಸ್ಥಿತಿಯನ್ನು ನೆಲಕ್ಕೆ ಆರೋಪಿಸುತ್ತದೆ. ‘ದೆವಸ್ತಾತಾ’ದಲ್ಲಿ ಕ್ರಿಯೆ ಇನ್ನೂ ಜೀವಂತವಾಗಿದೆ, ಹಾಳಾದದ್ದು ಎನ್ನುವುದಕ್ಕಿಂತ ಹಾಳುಗೆಡವಲ್ಪಟ್ಟದ್ದು ಎಂಬ ಧ್ವನಿ ಅದಕ್ಕಿದೆ. ಲ್ಯಾಟಿನ್ ಮೂಲದಲ್ಲಿ ಅದು ‘ವೇಸ್ಟ್’ ಪದಕ್ಕೆ ನಂಟನೂ ಹೌದು.

ಎರಡರಲ್ಲಿ ಯಾವುದು ಸರಿ ಎಂಬ ಪ್ರಶ್ನೆಗಿಂತ, ಎರಡೂ ಮೂಲ ಹೇಳದ ಒಂದನ್ನು ಹೇಳಿವೆ ಎಂಬುದು ಮುಖ್ಯ. ಮೊದಲನೆಯದು ನೆಲದ ದುಃಖವನ್ನು ಹೇಳಿತು, ಎರಡನೆಯದು ನೆಲಕ್ಕಾದ ಹಿಂಸೆಯನ್ನು ಹೇಳಿತು. ಮಹಾಯುದ್ಧದ ಬೆನ್ನಿಗೆ ಬಂದ ಕವಿತೆಗೆ ಎರಡನೆಯದರಲ್ಲಿ ಕಾರಣದ ಹೊರೆಯಿದೆ. ಮೊದಲನೆಯದರಲ್ಲಿ ಎಂಟು ಹತ್ತು ದಶಕಗಳ ಓದುಗರ ಪರಿಚಯವಿದೆ. ನಮಗೆ ಎರಡನೆಯದರ ಕಡೆ ಒಲವಿದ್ದರೂ, ಅದು ಕರ್ತೃವಿನ ಪ್ರಶ್ನೆಯನ್ನು ಮೂಲಕ್ಕಿಂತ ಬೇಗ ಎತ್ತುತ್ತದೆ ಎಂಬುದನ್ನು ಒಪ್ಪಲೇಬೇಕು.

6. ‘ಲ್ಯಾಂಡ್‌ಸ್ಕೇಪ್’: ನೋಡುವವರು ಯಾರು

ಸಾಹಿತ್ಯದ ಶೀರ್ಷಿಕೆಯಲ್ಲಿ ಇಂಥ ಆಯ್ಕೆ ಓದಿನ ದಿಕ್ಕನ್ನು ಬದಲಿಸಿದರೆ, ಕಾನೂನಿನ ಪಠ್ಯದಲ್ಲಿ ಹಕ್ಕಿನ ದಿಕ್ಕನ್ನೇ ಬದಲಿಸಬಲ್ಲದು. ಯುರೋಪ್ ಮಂಡಳಿಯ ಭೂದೃಶ್ಯ ಒಪ್ಪಂದಕ್ಕೆ 2000ದ ಅಕ್ಟೋಬರ್ 20ರಂದು ಫ್ಲಾರೆನ್ಸಿನಲ್ಲಿ ಸಹಿ ಬಿತ್ತು. ಅದರ ಅಧಿಕೃತ ಪಾಠಗಳು ಇಂಗ್ಲಿಷ್ ಮತ್ತು ಫ್ರೆಂಚ್. ಎರಡಕ್ಕೂ ಸಮಾನ ಪ್ರಾಮಾಣ್ಯ. ಇಟಲಿ 2006ರ 14ನೆಯ ಸಂಖ್ಯೆಯ ಕಾನೂನಿನ ಮೂಲಕ ಅದನ್ನು ಅನುಮೋದಿಸಿತು. ಒಪ್ಪಂದದ ಮೊದಲ ವಿಧಿ ಭೂದೃಶ್ಯವನ್ನು ಜನರ ಗ್ರಹಿಕೆಗೆ ಒಳಪಟ್ಟ, ನೈಸರ್ಗಿಕ ಮತ್ತು ಮಾನವ ಕಾರಣಗಳ ಒಡನಾಟದಿಂದ ರೂಪುಗೊಂಡ ಪ್ರದೇಶವೆಂದು ವಿವರಿಸುತ್ತದೆ. ಈ ವಿವರಣೆಯಲ್ಲಿ ಇಂಗ್ಲಿಷ್ ಪಾಠ ಆರಿಸಿಕೊಂಡ ಪದಗಳು ‘ಏರಿಯಾ’ ಮತ್ತು ‘ಪೀಪಲ್’. ಇಟಾಲಿಯನ್ ಪಾಠದಲ್ಲಿರುವುದು ‘ತೆರ್ರಿತೋರಿಯೊ’ದ ಒಂದು ಭಾಗ ಮತ್ತು ಬಹುವಚನದ ‘ಪೊಪೊಲತ್ಸಿಯೋನಿ’.

ವ್ಯತ್ಯಾಸ ಚಿಕ್ಕದಲ್ಲ. ‘ಏರಿಯಾ’ ಗಡಿ ಹಾಕಬಹುದಾದ ಯಾವುದೇ ಹರವು. ‘ತೆರ್ರಿತೋರಿಯೊ’ ಯಾವುದಾದರೂ ಆಡಳಿತದ ಅಧೀನದ ಹರವು. ಕಿಟಕಿಯಾಚೆ ನೋಡುತ್ತ ಸಾಗುವ ಪ್ರಯಾಣಿಕನೂ ‘ಪೀಪಲ್’ ಆಗಬಲ್ಲ. ‘ಪೊಪೊಲತ್ಸಿಯೋನಿ’ ಎಂದರೆ ಒಂದೊಂದು ಕಡೆ ನೆಲೆಸಿದ ಜನಸಮುದಾಯಗಳು. ಇಂಗ್ಲಿಷ್ ಪಾಠದಲ್ಲಿ ಭೂದೃಶ್ಯದ ಮೇಲೆ ನೋಟದ ಹಕ್ಕು ಯಾರಿಗೂ ಇದ್ದೀತು. ಇಟಾಲಿಯನ್ ಪಾಠ ಆ ಹಕ್ಕನ್ನು ನಿವಾಸಿಗಳ ಕಡೆಗೆ ವಾಲಿಸುತ್ತದೆ. ಈ ವಾಲುವಿಕೆ ಫ್ರೆಂಚ್ ಪಾಠದಲ್ಲಿಯೇ ಇರುವುದರಿಂದ ಇದನ್ನು ಇಂಗ್ಲಿಷಿನಿಂದ ನೇರವಾಗಿ ಆದ ಪಲ್ಲಟವೆನ್ನುವುದು ತಪ್ಪಾಗುತ್ತದೆ. ಎರಡು ಸಮಾನ ಪಾಠಗಳ ನಡುವೆ ಇಟಾಲಿಯನ್ ತನ್ನ ಬಂಧುಭಾಷೆಯ ಹಾದಿ ಹಿಡಿಯಿತು ಎಂಬುದಷ್ಟೇ ಸರಿಯಾದ ವಿವರಣೆ. ಆ ಹಾದಿಗೆ ಕಾರಣಗಳು ಪದದೊಳಗೇ ಇದ್ದವು. ‘ಪಾಯೇಸಾಜ್ಜೊ’ ಎಂಬ ಪದವೇ ಜನವಸತಿಯ ‘ಪಾಯೇಸೆ’ಯನ್ನು ಹೊತ್ತಿದೆ. 2004ರ ಇಟಲಿಯ ಸಾಂಸ್ಕೃತಿಕ ಆಸ್ತಿ ಮತ್ತು ಭೂದೃಶ್ಯ ಸಂಹಿತೆಯೂ ‘ತೆರ್ರಿತೋರಿಯೊ’ವನ್ನು ಆಧಾರವಾಗಿಟ್ಟುಕೊಂಡೇ ಅದನ್ನು ವಿವರಿಸುತ್ತದೆ. ಡಚ್ ಚಿತ್ರಕಾರರ ಪರಿಭಾಷೆಯಾಗಿ ಇಂಗ್ಲಿಷಿಗೆ ಬಂದ ‘ಲ್ಯಾಂಡ್‌ಸ್ಕೇಪ್’ ಚೌಕಟ್ಟಿನ ಹೊರಗೆ ನಿಂತ ನೋಡುಗನನ್ನು ಇನ್ನೂ ಮರೆತಿಲ್ಲ.

7. ‘ಕಾಮನ್ಸ್’: ನೆಲ ‘ಆಸ್ತಿ’ಯಾದಾಗ

ನಮ್ಮ ವಾದದ ಕಠಿಣ ಪರೀಕ್ಷೆ ‘ಕಾಮನ್ಸ್’ ಪದದಲ್ಲಿದೆ. ಇಂಗ್ಲೆಂಡಿನ ‘ಕಾಮನ್’ ಎಂದರೆ ಒಬ್ಬ ಒಡೆಯನಿರುವ, ಆದರೆ ಸುತ್ತಲಿನವರಿಗೆ ದನ ಮೇಯಿಸುವ, ಪೀಟ್ ಅಗೆಯುವ, ಸೌದೆ ಆಯುವ ಹಕ್ಕುಗಳಿರುವ ನೆಲ. ಕನ್ನಡದ ‘ಗೋಮಾಳ’ ಇದಕ್ಕೆ ಹತ್ತಿರ ಎನಿಸಿದರೂ ಒಂದಲ್ಲ: ಗೋಮಾಳ ಮೇವಿಗೆಂದು ಮೀಸಲಾದ ಸರ್ಕಾರಿ ನೆಲ, ‘ಕಾಮನ್’ ಅನ್ಯರ ಒಡೆತನದ ಮೇಲೆ ನಿಂತ ಬಳಕೆಯ ಹಕ್ಕು. ಗ್ಯಾರೆಟ್ ಹಾರ್ಡಿನ್‌ನ 1968ರ ಪ್ರಬಂಧದ ನಂತರ ಈ ಪದ ಹುಲ್ಲುಗಾವಲನ್ನು ದಾಟಿ ಮೀನು, ಗಾಳಿ, ನೀರು, ಜ್ಞಾನಗಳವರೆಗೆ ಹಬ್ಬಿತು. ಆದರೂ ಇಂಗ್ಲಿಷ್ ಕಿವಿಗೆ ಅದರಲ್ಲಿ ಹುಲ್ಲಿನ ವಾಸನೆ ಉಳಿದಿದೆ.

ಇಟಾಲಿಯನ್ನಿನಲ್ಲಿ ಹಾರ್ಡಿನ್‌ನ ‘ಕಾಮನ್ಸ್’ ಸಾಮಾನ್ಯವಾಗಿ ‘ಬೇನಿ ಕೊಮೂನಿ’. ಎಲಿನಾರ್ ಆಸ್ಟ್ರಮ್‌ರ 1990ರ ಗ್ರಂಥ 2006ರಲ್ಲಿ ಇಟಾಲಿಯನ್ನಿಗೆ ಬಂದಾಗ ಶೀರ್ಷಿಕೆಯಲ್ಲಿದ್ದದ್ದು ‘ಬೇನಿ ಕೊಲ್ಲೆತ್ತೀವಿ’. ಎರಡರಲ್ಲಿಯೂ ‘ಬೇನಿ’ ಇದೆ: ಸ್ವತ್ತುಗಳು, ಸರಕುಗಳು. ಅರ್ಥಶಾಸ್ತ್ರ ಮತ್ತು ಆಸ್ತಿಕಾನೂನುಗಳ ಪದ ಅದು. ನೆಲದ ಮೇಲಿನ ಬಳಕೆಯ ಹಕ್ಕು ಈ ಪದದಲ್ಲಿ ವಸ್ತುವಿನ ಒಂದು ಬಗೆಯಾಯಿತು. ಇಟಾಲಿಯನ್ನಿಗೆ ಬೇರೆ ಪದವಿರಲಿಲ್ಲವೇ? ಇತ್ತು. ಮೇವು, ಸೌದೆಗಳ ಸಾಮುದಾಯಿಕ ಹಕ್ಕುಗಳಿಗೆ ‘ಊಸಿ ಚೀವಿಚಿ’ ಎಂಬ ಹೆಸರಿದೆ. ಸಾಮುದಾಯಿಕ ನೆಲವನ್ನು ನೋಡಿಕೊಳ್ಳುವ ಸಂಸ್ಥೆಗಳು ಆಲ್ಪ್ಸ್ ಕಣಿವೆಗಳಲ್ಲಿ ‘ರೇಗೊಲೆ’ ಎಂದೂ ಎಮಿಲಿಯಾ ಸೀಮೆಯಲ್ಲಿ ‘ಪಾರ್ತೆಚಿಪಾಂತ್ಸೆ’ ಎಂದೂ ಬಾಳಿವೆ. ಕಾನೂನಿನ ಇತಿಹಾಸಕಾರ ಪಾವೊಲೊ ಗ್ರೊಸ್ಸಿ 1977ರಲ್ಲಿ ಒಡೆತನದ ಈ ಇನ್ನೊಂದು ಬಗೆಯನ್ನು ಕುರಿತೇ ಒಂದು ಗ್ರಂಥ ಬರೆದ. ಆದರೆ 1927ರ 1766ನೆಯ ಸಂಖ್ಯೆಯ ಕಾನೂನು ‘ಊಸಿ ಚೀವಿಚಿ’ಗಳನ್ನು ಗುರುತಿಸಿ ಇತ್ಯರ್ಥಗೊಳಿಸಬೇಕಾದ ಹಳೆಯ ಬಾಕಿಯಂತೆ ಕಂಡಿತ್ತು. ಇಂಗ್ಲಿಷ್ ಪದ ಇಟಲಿಗೆ ಬಂದಾಗ ಈ ಹೆಸರಿಗೆ ಸವೆದುಹೋದ ಕಾಲದ ಛಾಯೆ ಅಂಟಿತ್ತು. ‘ಬೇನಿ ಕೊಮೂನಿ’ ಹೊಸದಾಗಿ ಕೇಳಿಸಿತು.

ಆ ಹೊಸತನಕ್ಕೆ ಫಲವೂ ದೊರೆಯಿತು. 2007ರಲ್ಲಿ ಸ್ತೆಫಾನೊ ರೊದೊತಾ ಅವರ ಅಧ್ಯಕ್ಷತೆಯ ಆಯೋಗ ‘ಬೇನಿ ಕೊಮೂನಿ’ಯನ್ನು ಮೂಲಭೂತ ಹಕ್ಕುಗಳಿಗೆ ಜೋಡಿಸುವ ದಿಕ್ಕಿನಲ್ಲಿ ಯೋಚಿಸಿತು. 2011ರ ಜೂನ್ ತಿಂಗಳ ಜನಮತ ಸಂಗ್ರಹದಲ್ಲಿ ನೀರಿನ ಖಾಸಗೀಕರಣದ ವಿರುದ್ಧ ನಡೆದ ಆಂದೋಲನಕ್ಕೆ ಈ ಪದವೇ ಘೋಷಣೆಯಾಯಿತು. ಆದ್ದರಿಂದ ಅನುವಾದ ಸೋತಿತು ಎನ್ನಲಾಗದು. ಅದು ನಗರದ ನಾಗರಿಕನಿಗೆ ದನಿ ಕೊಟ್ಟಿತು. ಆದರೆ ಅದೇ ಹೊತ್ತಿನಲ್ಲಿ ಬೆಟ್ಟದ ಹುಲ್ಲುಗಾವಲಿನ ಹಕ್ಕುದಾರ ತನ್ನದೇ ವ್ಯವಸ್ಥೆಯ ಬಗ್ಗೆ ನಡೆಯುವ ಚರ್ಚೆಯಲ್ಲಿ ತನ್ನ ಹೆಸರನ್ನು ಕಾಣದಾದ. ಆಸ್ಟ್ರಮ್‌ರ ಪುಸ್ತಕದಲ್ಲಿ ಸ್ವಿಟ್ಜರ್ಲೆಂಡಿನ ಬೆಟ್ಟದ ಹುಲ್ಲುಗಾವಲುಗಳು ಮುಖ್ಯ ನಿದರ್ಶನ. ಗಡಿಯ ಈಚೆಗೂ ಅಂಥ ಹುಲ್ಲುಗಾವಲುಗಳಿದ್ದವು, ಅವಕ್ಕೆ ಇಟಾಲಿಯನ್ ಹೆಸರುಗಳೂ ಇದ್ದವು. ಆ ಕೊಂಡಿಯನ್ನು ಶೀರ್ಷಿಕೆಯ ಪದ ಹಾಕಲಿಲ್ಲ. 2017ರ 168ನೆಯ ಸಂಖ್ಯೆಯ ಕಾನೂನು ‘ದೊಮೀನಿ ಕೊಲ್ಲೆತ್ತೀವಿ’ ಎಂಬ ಹೆಸರಿನಲ್ಲಿ ಈ ಸಮುದಾಯಗಳ ವ್ಯವಸ್ಥೆಗೆ ಮನ್ನಣೆ ಕೊಟ್ಟಿತು. ಇಲ್ಲಿ ‘ಬೇನಿ’ ಜಾಗದಲ್ಲಿ ಸ್ವಾಮ್ಯವಾಚಕವಾದ ‘ದೊಮೀನಿ’ ಬಂದುದು ಗಮನಾರ್ಹ: ವಸ್ತುವಿನಿಂದ ಸಂಬಂಧಕ್ಕೆ ಪದ ಮರಳಿತು.

8. ಎರಡು ಆಕ್ಷೇಪಗಳು

ಶಬ್ದಕೋಶದ ಆಯ್ಕೆಯನ್ನು ವ್ಯಾಕರಣದ ಒತ್ತಾಯಕ್ಕೆ ಹೋಲಿಸುವುದು ಅತಿಯಾಯಿತು ಎಂಬುದು ಮೊದಲ ಆಕ್ಷೇಪ. ‘ತೆರ್ರಾ’ ಎಂಬ ಮೇಲ್ಪದವಿರುವಾಗ ಅನುವಾದಕನಿಗೆ ಅದರ ಆಶ್ರಯ ಯಾವಾಗಲೂ ಇಲ್ಲವೇ? ಸಾಹಿತ್ಯದಲ್ಲಿ ಬಹಳ ಸಲ ಇದೆ. ಆದರೆ ‘ಲ್ಯಾಂಡ್ ಯೂಸ್’ ಎಂಬುದನ್ನು ‘ಊಸೊ ದೆಲ್ಲಾ ತೆರ್ರಾ’ ಎಂದರೆ ಯೋಜನಾಶಾಸ್ತ್ರದ ಇಟಾಲಿಯನ್ ಅದನ್ನು ಪರಿಭಾಷೆಯಾಗಿ ಒಪ್ಪದು. ಒತ್ತಾಯದ ಪ್ರಮಾಣ ಪ್ರಯುಕ್ತಿಗೆ ತಕ್ಕಂತೆ ಏರುತ್ತದೆ: ಕಾವ್ಯದಲ್ಲಿ ಸಡಿಲ, ಕಾನೂನು ಮತ್ತು ಆಡಳಿತದಲ್ಲಿ ಬಿಗಿ. ಈ ಏರಿಕೆಯೇ ಕ್ರಮಬದ್ಧ ಅಧ್ಯಯನಕ್ಕೆ ತಕ್ಕ ವಿಷಯ. ಸಮಾಂತರ ಪಠ್ಯಸಂಚಯಗಳಲ್ಲಿ ‘ಲ್ಯಾಂಡ್’ ಪದದ ಅನುವಾದಗಳನ್ನು ಪ್ರಯುಕ್ತಿವಾರು ವಿಂಗಡಿಸಿ ನೋಡಿದರೆ ನಮ್ಮ ಪ್ರತಿಪಾದನೆಯನ್ನು ಪರೀಕ್ಷಿಸಬಹುದು.

ನಾವು ವ್ಯುತ್ಪತ್ತಿಯನ್ನು ಅರ್ಥವೆಂದು ಭ್ರಮಿಸಿದ್ದೇವೆ ಎಂಬುದು ಎರಡನೆಯ ಆಕ್ಷೇಪ. ‘ಸೆಲ್ವಾಜ್ಜೊ’ ಎನ್ನುವ ಇಂದಿನ ಇಟಾಲಿಯನ್ನನಿಗೆ ಲ್ಯಾಟಿನ್ ಅಡವಿ ನೆನಪಾಗುವುದಿಲ್ಲ, ನಿಜ. ಆದುದರಿಂದಲೇ ನಾವು ವ್ಯುತ್ಪತ್ತಿಯನ್ನು ನಿರ್ಣಾಯಕ ಪ್ರಮಾಣವಾಗಿ ಬಳಸಿಲ್ಲ. ಏಕಕಾಲಿಕ ಸಹಪ್ರಯೋಗಗಳು ಎತ್ತ ತೋರಿಸುತ್ತವೆಯೋ ಅತ್ತಲೇ ಚಾರಿತ್ರಿಕ ಜಾಡೂ ಇರುವಾಗ ಮಾತ್ರ ಅದನ್ನು ಜೊತೆಗಿಟ್ಟುಕೊಂಡಿದ್ದೇವೆ. ‘ಫಾರೆಸ್ಟ್’ ಪದದ ಉದಾಹರಣೆ ತೋರಿಸುವಂತೆ, ಎರಡು ಪದಗಳ ಮೂಲ ಒಂದೇ ಆದ ಮಾತ್ರಕ್ಕೆ ಅವು ಹೇಳುವ ಸಂಬಂಧ ಒಂದಾಗುವುದಿಲ್ಲ.

9. ಉಪಸಂಹಾರ

ಹಾಗಾದರೆ ನೆಲದ ಪದಗಳ ಅನುವಾದವನ್ನು ವಿಮರ್ಶಿಸುವವರು ಮೂರು ಪ್ರಶ್ನೆಗಳನ್ನು ಕ್ರಮವಾಗಿ ಕೇಳಬೇಕು. ಮೂಲಪದ ನೆಲ ಮತ್ತು ಜನರ ನಡುವಿನ ಯಾವ ಸಂಬಂಧವನ್ನು ಹೇಳದೆ ಬಿಟ್ಟಿದೆ? ಗುರಿಭಾಷೆಯ ಪದ ಅದರ ಜಾಗದಲ್ಲಿ ಯಾವ ಸಂಬಂಧವನ್ನು ಘೋಷಿಸಿದೆ? ಆ ಭಾಷೆಯಲ್ಲಿ ಲಭ್ಯವಿದ್ದ ಬೇರೆ ಪದ ಯಾರನ್ನು ಒಳಗೆ ತರುತ್ತಿತ್ತು? ದ್ವಿಭಾಷಾ ನಿಘಂಟುಗಳು ಮೊದಲ ಎರಡನ್ನಾದರೂ ನಮೂದಿನಲ್ಲಿ ಸೂಚಿಸಿದರೆ, ‘ಕಾಮನ್’ ಎದುರಿಗೆ ‘ಬೇನೆ ಕೊಮೂನೆ’ಯ ಜೊತೆಗೆ ‘ಊಸೊ ಚೀವಿಕೊ’ ಪದವೂ ಬರುತ್ತದೆ, ‘ವೈಲ್ಡರ್‌ನೆಸ್’ ಎದುರಿಗೆ ಎರವಲಿನ ಜೊತೆಗೆ ಒಂದು ಎಚ್ಚರಿಕೆಯೂ ಬರುತ್ತದೆ. ಮೂರನೆಯ ಪ್ರಶ್ನೆಗೆ ನಿಘಂಟು ಉತ್ತರಿಸಲಾರದು. ಅದಕ್ಕೆ ಉತ್ತರ ಬೇಕಾದರೆ ಆ ನೆಲದಲ್ಲಿ ಮೇಯಿಸಿದವರ, ಉತ್ತವರ, ಬಿಟ್ಟುಹೋದವರ ಇತಿಹಾಸವನ್ನು ಅನುವಾದಕ ತಿಳಿದಿರಬೇಕು. ಆ ತಿಳಿವಳಿಕೆಯಿಲ್ಲದೆ ಆರಿಸಿದ ಪದ ಎಷ್ಟೇ ಸೊಗಸಾಗಿದ್ದರೂ ಯಾರದೋ ಹೊಲದ ಮೇಲೆ ಬೇರೊಬ್ಬರ ಹೆಸರನ್ನು ಬರೆದುಬಿಡಬಹುದು.